ಹೆಸರಿನ ಮೊದಲ ಅಕ್ಷರ

ಕೊರಟಗೆರೆಯಲ್ಲಿ ‘ಡ್ರಿಲ್ ಮೇಷ್ಟ್ರು’ ಎಂದರೆ ಸಾಕು, ಮನೆ ತೋರಿಸುತ್ತಾರೆ. ನಿವೃತ್ತರಾಗಿ 20 ವರ್ಷ ಮೀರಿದೆ. ಆದರೂ ಬೆಳಗಿನ ಜಾವ ಎದ್ದು ಸುವರ್ಣಮುಖಿ ಹೊಳೆಯ ಕಡೆಗೆ ಒಂದು ಸುತ್ತು ಹೋಗಿಬರುವುದು, ಬರುವಾಗ ಶಾಲೆಯ ಮೈದಾನದ ಅಂಚಿನಲ್ಲಿ ಎರಡು ನಿಮಿಷ ನಿಲ್ಲುವುದು ತಪ್ಪಿಲ್ಲ. ಕಬಡ್ಡಿ, ಖೊಖೊ, ವಾಲಿಬಾಲ್ ಆಡುವ ಸೀಮೆಯಲ್ಲಿ ಹುಡುಗರಿಗೆ ಫುಟ್‌ಬಾಲ್ ಹುಚ್ಚು ಹಿಡಿಸಿದವರು ಅವರು. ಆಗ ಇದ್ದದ್ದು ಒಂದೇ ಚೆಂಡು. ಬ್ಲಾಡರ್ ತೂತಾದರೆ ಸೈಕಲ್ ಶಾಪಿನಲ್ಲಿ ಪಂಚರ್ ಹಾಕಿಸುತ್ತಿದ್ದರು. ಹೊಲಿಗೆ ಬಿಚ್ಚಿದರೆ ಚಪ್ಪಲಿ ಹೊಲಿಯುವವನ ಮುಂದೆ ತಾವೇ ಕುಳಿತು ಹೊಲಿಸಿ ತರುತ್ತಿದ್ದರು.

ತರಬೇತಿಗೆಂದು ಬೆಂಗಳೂರಿನಲ್ಲಿದ್ದಾಗ ಹತ್ತಿದ ಗೀಳು ಅದು. 1937 ಮತ್ತು 1938ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಗೆ ಹೋಗಿ ರೋವರ್ಸ್ ಕಪ್ ಗೆದ್ದುಬಂದ ಕತೆಯನ್ನು ಅಲ್ಲಿನ ಹಿರಿಯರು ಕಣ್ಣಿಗೆ ಕಟ್ಟುವಂತೆ ಹೇಳುತ್ತಿದ್ದರಂತೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ರಾಮನ್ ಬೆಂಗಳೂರಿನವರು. ಬರಿಗಾಲಲ್ಲೇ ಚೆಂಡನ್ನು ಕುಣಿಸುತ್ತಿದ್ದ ಅಹ್ಮದ್ ಖಾನ್ ಕೂಡ ಅಲ್ಲಿಯವರೇ. ಇದನ್ನೆಲ್ಲ ಮೇಷ್ಟ್ರು ಕ್ಲಾಸಿನ ಹುಡುಗರಿಗೆ ಹೇಳಿ ಹೇಳಿ, ಕೊನೆಗೆ ತಮ್ಮ ಮೊಮ್ಮಗನಿಗೂ ಹೇಳಿ ಬೆಳೆಸಿದರು.

ಆ ಮೊಮ್ಮಗ ಈಗ ಬೆಂಗಳೂರಿನ ಒಂದು ಕಂಪ್ಯೂಟರ್ ಕಂಪನಿಯಲ್ಲಿದ್ದಾನೆ. ಕಂಪನಿ ಅವನನ್ನು ಎರಡು ವರ್ಷ ಬ್ರೆಜಿಲ್‌ನ ಸಾವೊ ಪೌಲೊ ನಗರಕ್ಕೆ ಕಳಿಸಿತ್ತು. ಹೆಂಡತಿಯ ಹೆರಿಗೆಯ ಹೊತ್ತಿಗೆ ವಾಪಸು ಬಂದ. ಗಂಡುಮಗು. ನಾಮಕರಣ ಕೊರಟಗೆರೆಯಲ್ಲೇ ಆಗಲಿ ಎಂದು ತಾತನ ಆಸೆ; ಅದಕ್ಕೆ ಯಾರ ತಕರಾರೂ ಇರಲಿಲ್ಲ. ತಕರಾರು ಬಂದದ್ದು ಹೆಸರಿನ ಮುಂದಿನ ಒಂದು ಅಕ್ಷರಕ್ಕೆ.

ಹಳೆ ಮೈಸೂರಿನ ಕಡೆ ಹೆಸರಿನ ಮುಂದೆ ಊರನ್ನು ಕಟ್ಟಿಕೊಂಡು ಓಡಾಡುವುದು ಹಿಂದಿನಿಂದ ಬಂದ ರೂಢಿ. ಕೆ.ವಿ. ಪುಟ್ಟಪ್ಪ ಎಂಬುದರಲ್ಲಿ ಕುಪ್ಪಳಿ ಇದೆ. ಡಿ.ವಿ. ಗುಂಡಪ್ಪನವರು ಹುಟ್ಟಿದ್ದು ಮುಳಬಾಗಿಲಿನಲ್ಲಾದರೂ ಹೆಸರಿನಲ್ಲಿ ದೇವನಹಳ್ಳಿ ಉಳಿದುಕೊಂಡಿತು. ಇದೇ ತುಮಕೂರು ಜಿಲ್ಲೆಯ ಗುಬ್ಬಿ ಕಂಪನಿ ಊರೂರು ಸುತ್ತಿ ನಾಟಕ ಆಡಿದರೂ ಗುಬ್ಬಿ ಎಂಬ ಹೆಸರನ್ನು ಬಿಡಲಿಲ್ಲ. ಹಾಗೆಯೇ ಮೇಷ್ಟ್ರ ಮನೆಯವರಿಗೆಲ್ಲ ‘ಕೆ.’ ಇತ್ತು. ಕೆ. ಎಂದರೆ ಕೊರಟಗೆರೆ.

‘ಮಗೂಗೆ ಅದು ಬೇಡ ತಾತ’ ಎಂದ ಮೊಮ್ಮಗ. ‘ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೀಬೇಕು. ಬರೆದರೆ ಅದೇ ಮನೆತನದ ಹೆಸರು ಅಂದ್ಕೋತಾರೆ. ಎರಡು ವರ್ಷ ಅಲ್ಲಿ ನನ್ನನ್ನ ಯಾರೂ ಹೆಸರಿಡಿದು ಕೂಗಲಿಲ್ಲ. ಎಲ್ಲರಿಗೂ ನಾನು ಸೆನ್ಯೋರ್ ಕೊರಟಜೇರಿ.’

ಮನೆಯವರೆಲ್ಲ ನಕ್ಕರು. ಮೇಷ್ಟ್ರೂ ನಕ್ಕಂತೆ ಮಾಡಿದರು. ಆದರೆ ಅಂದು ರಾತ್ರಿ ಮುದ್ದೆ ಅರ್ಧಕ್ಕೇ ಬಿಟ್ಟು ಎದ್ದರು. ಹೊಲ ಗುತ್ತಿಗೆಗೆ ಹೋಗಿದೆ. ಮಗ ತುಮಕೂರಿನಲ್ಲಿ ಮನೆ ಕಟ್ಟಿದ್ದಾನೆ. ಮೊಮ್ಮಗ ನಾಳೆ ಯಾವ ದೇಶವೋ. ಉಳಿದಿದ್ದದ್ದು ಅದೊಂದು ಅಕ್ಷರ. ಅದೂ ಹೋದರೆ ಈ ಮಗುವಿಗೂ ಸಿದ್ಧರಬೆಟ್ಟಕ್ಕೂ ಏನು ಸಂಬಂಧ?

ಮಾರನೆಯ ಸಂಜೆ ಮೊಮ್ಮಗ ಜಗಲಿಯ ಮೇಲೆ ಕುಳಿತು ಬ್ಯಾಗು ಬಿಚ್ಚಿದ. ತಾತನಿಗೆಂದು ತಂದ ಜರ್ಸಿ ಹೊರಬಂತು. ಅಚ್ಚ ಹಸಿರು ಬಣ್ಣ, ಎದೆಯ ಮೇಲೆ ಪಾಲ್ಮೇರಾಸ್ ಕ್ಲಬ್ಬಿನ ಲಾಂಛನ. ‘ಇದು ಇಟಲಿಯವರು ಕಟ್ಟಿದ ಕ್ಲಬ್ಬು ತಾತ’ ಎಂದ. ‘ಬ್ರೆಜಿಲ್‌ನಲ್ಲಿ ಇಟಲಿಯವರಿಗೇನೋ ಕೆಲಸ?’ ಎಂದು ಮೇಷ್ಟ್ರು ಕೇಳಿದ್ದೇ ಕತೆಗೆ ದಾರಿಯಾಯಿತು.

ಬ್ರೆಜಿಲ್‌ನಲ್ಲಿ ಗುಲಾಮಗಿರಿ ರದ್ದಾದದ್ದು 1888ರ ಮೇ 13ರಂದು. ಕಾಫಿ ತೋಟದ ಸಾಹುಕಾರರಿಗೆ ಆಳುಗಳು ಬೇಕಾದರು. ಸಾವೊ ಪೌಲೊ ಸರ್ಕಾರವೇ ಹಡಗಿನ ಖರ್ಚು ಕೊಟ್ಟು ಇಟಲಿಯ ಬಡ ರೈತರನ್ನು ಸಂಸಾರ ಸಮೇತ ಕರೆಸಿಕೊಂಡಿತು. ಅವರು ಸಾಂತೋಸ್ ಬಂದರಿನಲ್ಲಿ ಇಳಿದು, ರೈಲು ಹತ್ತಿ ಘಟ್ಟ ಏರಿ, ನಗರದ ವಲಸಿಗರ ಛತ್ರದಲ್ಲಿ ನಾಲ್ಕು ದಿನವಿದ್ದು ತೋಟಗಳಿಗೆ ಹಂಚಿಹೋಗುತ್ತಿದ್ದರು. ಇಷ್ಟು ಸಾವಿರ ಗಿಡಕ್ಕೆ ಇಷ್ಟು ಎಂದು ಕೂಲಿ. ಜೊತೆಗೆ ಕಾಫಿ ಸಾಲುಗಳ ನಡುವೆ ಜೋಳ, ಹುರುಳಿಕಾಯಿ ಬೆಳೆದುಕೊಳ್ಳಲು ಅಪ್ಪಣೆ.

‘ಅಂದ್ರೆ ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಹಾಕ್ದಂಗೆ’ ಎಂದರು ಮೇಷ್ಟ್ರು.

‘ಹೂಂ ತಾತ, ಆ ಅಕ್ಕಡಿನೇ ಅವರಿಗೆ ಊಟ.’

ತೋಟದ ಮಾಲೀಕರು ಕೊಟ್ಟ ಮಾತಿಗೆ ಎಷ್ಟೋ ಕಡೆ ತಪ್ಪಿದರು. ಕೂಲಿ ಬಾಕಿ, ಅಂಗಡಿಯ ಸಾಲ, ಬೈಗುಳ. ದೂರುಗಳು ಹೆಚ್ಚಾಗಿ 1902ರಲ್ಲಿ ಇಟಲಿ ಸರ್ಕಾರವೇ ಬ್ರೆಜಿಲ್‌ಗೆ ಪುಕ್ಕಟೆ ಹಡಗಿನಲ್ಲಿ ಜನ ಸಾಗಿಸುವುದನ್ನು ನಿಷೇಧಿಸಿತು. ತೋಟ ಬಿಟ್ಟವರು ವಾಪಸು ಹೋಗಲು ಕಾಸಿಲ್ಲದೆ ನಗರಕ್ಕೆ ಬಂದರು. ಬ್ರಾಸ್, ಬಿಶಿಗಾ, ಮೂಕಾ ಎಂಬ ಕೇರಿಗಳಲ್ಲಿ ವಠಾರದ ಮನೆ ಹಿಡಿದು ನೂಲಿನ ಗಿರಣಿಗಳಿಗೆ ಸೇರಿದರು. ಅಲ್ಲಿ ತಳವೂರಿದ್ದ ಮತರಾತ್ಸೊ ಎಂಬ ಇಟಲಿ ಮೂಲದ ಉದ್ಯಮಿಯ ಕಾರ್ಖಾನೆಗಳಲ್ಲೇ ಸಾವಿರಾರು ಮಂದಿಗೆ ಕೆಲಸ.

ಈ ಜನ ಒಂದೇ ದೇಶದವರಾದರೂ ಒಂದಾಗಿರಲಿಲ್ಲ. ವೆನೆತೊ ಕಡೆಯವರು ಬೇರೆ, ನೇಪಲ್ಸ್ ಕಡೆಯವರು ಬೇರೆ. ಒಬ್ಬರ ಮಾತು ಇನ್ನೊಬ್ಬರಿಗೆ ಸರಿಯಾಗಿ ತಿಳಿಯದು. 1914ರಲ್ಲಿ ಇಟಲಿಯ ತೊರಿನೊ ಮತ್ತು ಪ್ರೊ ವೆರ್ಚೆಲ್ಲಿ ತಂಡಗಳು ಬ್ರೆಜಿಲ್ ಪ್ರವಾಸಕ್ಕೆ ಬಂದವು. ಊರವರನ್ನು ನೋಡಲು ಎಲ್ಲ ಕೇರಿಯವರೂ ಮೈದಾನಕ್ಕೆ ಬಂದರು. ಎಲ್ಲರಿಗೂ ಸೇರಿ ಒಂದು ತಂಡ ಯಾಕಿರಬಾರದು ಎಂಬ ಮಾತು ಹುಟ್ಟಿತು. ವಿಂಚೆಂತ್ಸೊ ರಗೊನ್ಯೆತ್ತಿ ಎಂಬ ತರುಣ ಅಲ್ಲಿನ ಇಟಾಲಿಯನ್ ಪತ್ರಿಕೆ ‘ಫನ್‌ಫುಲ್ಲಾ’ದಲ್ಲಿ ಆಸಕ್ತರಿಗೆ ಕರೆ ಕೊಟ್ಟ. ಲುಯೀಜಿ ಚೆರ್ವೊ, ಲುಯೀಜಿ ಮಾರ್ತ್ಸೊ, ಎಜೆಕಿಯೆಲ್ ಸಿಮೊನೆ ಮೊದಲಾದವರು ಜೊತೆಗೂಡಿದರು. ಆಗಸ್ಟ್ 26ರಂದು 40ಕ್ಕೂ ಹೆಚ್ಚು ಮಂದಿ ಸೇರಿ ಕ್ಲಬ್ಬು ಕಟ್ಟಿ ‘ಪಲೆಸ್ಟ್ರಾ ಇಟಾಲಿಯಾ’ ಎಂದು ಹೆಸರಿಟ್ಟರು.

‘ಪಲೆಸ್ಟ್ರಾ ಅಂದ್ರೆ?’

‘ಹಳೇ ಗ್ರೀಕ್ ಮಾತು ತಾತ. ಕುಸ್ತಿ ಆಡೋ ಜಾಗ.’

‘ಗರಡಿಮನೆ ಅನ್ನು!’ ಮೇಷ್ಟ್ರಿಗೆ ಖುಷಿಯಾಯಿತು. ಇಟಲಿ ಗರಡಿ. ಅಲ್ಲಿಂದ ಮುಂದಕ್ಕೆ ಅವರ ಬಾಯಲ್ಲಿ ಆ ಕ್ಲಬ್ಬು ಗರಡಿಯೇ ಆಯಿತು.

ಗರಡಿಯ ಮೊದಲ ಪಂದ್ಯ 1915ರ ಜನವರಿ 24ರಂದು, ವೊತೊರಾಂತಿಂ ಎಂಬಲ್ಲಿ, ಸವೋಯಾ ತಂಡದ ಎದುರು. ಗೆಲುವು 2–0. 1920ಕ್ಕೆ ಸಾವೊ ಪೌಲೊ ಪ್ರಾಂತದ ಚಾಂಪಿಯನ್ ಪಟ್ಟ. ಅದೇ ವರ್ಷ ಬಿಯರ್ ಕಂಪನಿಯೊಂದರ ಉದ್ಯಾನದ ಜಾಗ ಕೊಂಡು ಸ್ವಂತ ಮೈದಾನ ಮಾಡಿಕೊಂಡರು. ಮುಂದಿನ ವರ್ಷ, 1921ರ ಜನವರಿ 2ರಂದು, ಬೆಲೊ ಒರಿಜೊಂತೆ ನಗರದ ಇಟಲಿಯವರೂ ಇದೇ ಹೆಸರಿನ ಇನ್ನೊಂದು ಕ್ಲಬ್ಬು ಕಟ್ಟಿದರು.

ಕತೆ ಇಲ್ಲಿಯವರೆಗೆ ಸಲೀಸು. ಕಷ್ಟ ಬಂದದ್ದು ಎರಡನೆಯ ಮಹಾಯುದ್ಧದಲ್ಲಿ. ಮುಸೊಲಿನಿಯ ಇಟಲಿ ಹಿಟ್ಲರನ ಜೊತೆ ಸೇರಿತು. 1942ರ ಜನವರಿಯಲ್ಲಿ ಬ್ರೆಜಿಲ್ ಆ ದೇಶಗಳೊಂದಿಗೆ ಸಂಬಂಧ ಕಡಿದುಕೊಂಡಿತು. ಸಾವೊ ಪೌಲೊದಲ್ಲಿ ಇಟಾಲಿಯನ್, ಜರ್ಮನ್, ಜಪಾನಿ ಮಾತುಗಳನ್ನು ಬೀದಿಯಲ್ಲಿ ಆಡುವುದೇ ನಿಷಿದ್ಧವಾಯಿತು. 30–40 ವರ್ಷ ಅಲ್ಲೇ ಬೆವರು ಸುರಿಸಿದ ಮುದುಕಿಯರು ಅಂಗಡಿಯಲ್ಲಿ ಬಾಯಿ ಬಿಡಲು ಹೆದರಬೇಕಾಯಿತು. ಮಾರ್ಚ್‌ನಲ್ಲಿ ಕ್ಲಬ್ಬು ಇಟಾಲಿಯಾ ಎಂಬುದನ್ನು ತೆಗೆದು ‘ಪಲೆಸ್ಟ್ರಾ ದೆ ಸಾವೊ ಪೌಲೊ’ ಎಂದಾಯಿತು. ಆಗಸ್ಟ್‌ನಲ್ಲಿ ಜರ್ಮನ್ ಜಲಾಂತರ್ಗಾಮಿಯೊಂದು ಬ್ರೆಜಿಲ್‌ನ ಹಡಗುಗಳನ್ನು ಸಾಲಾಗಿ ಮುಳುಗಿಸಿತು. 22ರಂದು ಯುದ್ಧ ಘೋಷಣೆಯಾಯಿತು. ಗರಡಿ ಎಂಬ ಉಳಿದ ಅರ್ಧ ಹೆಸರೂ ಜನರ ಕಣ್ಣಿಗೆ ಮುಳ್ಳಾಯಿತು.

ಮೇಷ್ಟ್ರು ನಡುವೆ ತಡೆದು ಹೇಳಿದರು: ಅದೇ ಕಾಲಕ್ಕೆ ಉತ್ತರ ಆಫ್ರಿಕಾದಲ್ಲಿ ಬ್ರಿಟಿಷರಿಗೆ ಸೆರೆಸಿಕ್ಕ ಇಟಲಿಯ ಸಿಪಾಯಿಗಳನ್ನು ಬೆಂಗಳೂರಿಗೂ ತಂದಿದ್ದರು. ಜಾಲಹಳ್ಳಿಯ ಕಡೆ ಮುಳ್ಳುತಂತಿಯೊಳಗೆ ಅವರ ಶಿಬಿರ. ಅಲ್ಲಿ ಸೆರೆಯಲ್ಲಿದ್ದವರು, ಇಲ್ಲಿ ಬಿಡುವಾಗಿದ್ದೂ ಬಾಯಿ ಕಟ್ಟಿದವರು. ಎರಡೂ ಕಡೆ ಅದೇ ರೈತಾಪಿ ಜನ.

1942ರ ಸೆಪ್ಟೆಂಬರ್ 14ರ ರಾತ್ರಿ ಕ್ಲಬ್ಬಿನವರು ಸಭೆ ಸೇರಿದರು. ಹೆಸರು ಬಿಡುವುದೋ, ಕ್ಲಬ್ಬನ್ನೇ ಕಳೆದುಕೊಳ್ಳುವುದೋ ಎಂಬ ಪ್ರಶ್ನೆ. ಕೊನೆಗೆ ಪಾಲ್ಮೇರಾಸ್ ಎಂಬ ಹೆಸರನ್ನು ಆರಿಸಿದರು. ತಾಳೆಮರಗಳು ಎಂದು ಅದರ ಅರ್ಥ. ಆ ನಗರದಲ್ಲಿ ಹಿಂದೆ ಇದ್ದು ಮುಚ್ಚಿಹೋಗಿದ್ದ ಒಂದು ಕ್ಲಬ್ಬಿನ ಹೆಸರೂ ಹೌದು. ಇಟಲಿಯ ಬಾವುಟದ ಮೂರು ಬಣ್ಣಗಳಲ್ಲಿ ಕೆಂಪನ್ನು ಬಿಟ್ಟರು, ಹಸಿರು ಬಿಳಿ ಇಟ್ಟುಕೊಂಡರು. ಹೊಸ ಹೆಸರೂ ‘ಪ’ಕಾರದಿಂದಲೇ ಶುರುವಾಗುತ್ತಿದ್ದುದರಿಂದ ಎದೆಯ ಮೇಲಿನ ಅಕ್ಷರ ಮಾತ್ರ ಹಾಗೇ ಉಳಿಯಿತು.

ಆರು ದಿನಕ್ಕೆ, 20ನೇ ತಾರೀಖು, ಪಕಯೆಂಬು ಕ್ರೀಡಾಂಗಣದಲ್ಲಿ ಸಾವೊ ಪೌಲೊ ಕ್ಲಬ್ಬಿನ ಮೇಲೆ ಪಂದ್ಯ. ಗೆದ್ದರೆ ಆ ವರ್ಷದ ಪಟ್ಟ ತಮ್ಮದು. ಜನ ಏನು ಮಾಡುತ್ತಾರೋ ಎಂಬ ಭಯ. ಆಟಗಾರರು ಬ್ರೆಜಿಲ್‌ನ ಬಾವುಟ ಹಿಡಿದು ಮೈದಾನಕ್ಕೆ ಬಂದರು. ಜೊತೆಗೆ ಬ್ರೆಜಿಲ್ ಸೇನೆಯ ಕ್ಯಾಪ್ಟನ್ ಅದಲ್ಬೆರ್ತೊ ಮೆಂದೆಸ್ ಸಮವಸ್ತ್ರದಲ್ಲಿ ಹೆಜ್ಜೆ ಹಾಕಿದರು. 3–1ರಿಂದ ಮುಂದಿದ್ದಾಗ ಪಾಲ್ಮೇರಾಸ್‌ಗೆ ಪೆನಾಲ್ಟಿ ಸಿಕ್ಕಿತು. ಎದುರಾಳಿಗಳು ಅದನ್ನು ಒಪ್ಪದೆ ಆಟ ನಿಲ್ಲಿಸಿದರು. ಹೊಸ ಹೆಸರಿನ ಮೊದಲ ಪಂದ್ಯದಲ್ಲೇ ಕ್ಲಬ್ಬು ಚಾಂಪಿಯನ್ ಆಯಿತು. ಬೆಲೊ ಒರಿಜೊಂತೆಯ ಗರಡಿಯೂ ಅದೇ ವರ್ಷ ಹೆಸರು ಬದಲಿಸಿ ಆಕಾಶದ ದಕ್ಷಿಣ ಶಿಲುಬೆ ನಕ್ಷತ್ರಪುಂಜದ ನೆನಪಿಗೆ ‘ಕ್ರುಜೇರೊ’ ಆಯಿತು.

‘ಹಳಬರು?’ ಎಂದು ಕೇಳಿದರು ಮೇಷ್ಟ್ರು. ‘ಹೆಸರು ಹೋದ ಮೇಲೂ ಹಳಬರು ಆಟಕ್ಕೆ ಬಂದರಾ?’

‘ಬಂದರು ತಾತ. ಅವರ ಮಕ್ಕಳೂ ಬಂದರು, ಇಟಲಿಯ ಸಂಬಂಧವೇ ಇಲ್ಲದವರೂ ಬಂದರು.’

1965ರ ಸೆಪ್ಟೆಂಬರ್ 7ರಂದು, ಬ್ರೆಜಿಲ್‌ನ ಸ್ವಾತಂತ್ರ್ಯದ ದಿನ, ಇಡೀ ದೇಶದ ಪರವಾಗಿ ಉರುಗ್ವೆ ಎದುರು ಆಡಿದ್ದು ಈ ಕ್ಲಬ್ಬೇ, 3–0ಯಿಂದ ಗೆದ್ದಿತು. ಒಂದು ಕಾಲಕ್ಕೆ ದೇಶದ್ರೋಹಿಗಳೆನ್ನಿಸಿಕೊಂಡವರು ದೇಶದ ಅಂಗಿ ತೊಟ್ಟರು. ಎದುರಾಳಿಗಳು ಹಂದಿ ಎಂದು ಹೀಯಾಳಿಸುತ್ತಿದ್ದುದನ್ನು 1986ರಲ್ಲಿ ಅಭಿಮಾನಿಗಳೇ ತಮ್ಮ ಘೋಷಣೆ ಮಾಡಿಕೊಂಡರು. ಬೈಗುಳವನ್ನೇ ಬಿರುದು ಮಾಡಿಕೊಂಡ ಮೇಲೆ ಬೈಯುವವರಿಗೆ ಏನು ಉಳಿಯಿತು? 1999, 2020 ಮತ್ತು 2021ರಲ್ಲಿ ದಕ್ಷಿಣ ಅಮೆರಿಕದ ದೊಡ್ಡ ಕಪ್ಪು ಲಿಬೆರ್ತದೋರೆಸ್ ಈ ಕ್ಲಬ್ಬಿನದಾಯಿತು. ಶತಮಾನ ತುಂಬಿದ 2014ರಲ್ಲಿ ಹಳೆಯ ಜಾಗದಲ್ಲೇ ಹೊಸ ಕ್ರೀಡಾಂಗಣ ಎದ್ದಿತು. ಅದರ ಮುಂದಿನ ರಸ್ತೆಯ ಬೋರ್ಡಿನ ಮೇಲೆ ಈಗ ಇರುವ ಹೆಸರು: ಪಲೆಸ್ಟ್ರಾ ಇಟಾಲಿಯಾ.

ಮೇಷ್ಟ್ರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಎದ್ದು ಒಳಗೆ ಹೋಗಿ ಅಟ್ಟದ ಟ್ರಂಕು ಇಳಿಸಲು ಹೇಳಿದರು. ತಳದಲ್ಲಿ ಗೆದ್ದಲು ಅಂಚು ತಿಂದ ಒಂದು ಕ್ರಯಪತ್ರವಿತ್ತು. ಮೇಷ್ಟ್ರ ತಂದೆ ಜಮೀನು ಮಾರಿದಾಗಿನದು. ಅದರಲ್ಲಿ ಅವರ ಹೆಸರಿನ ಮುಂದೆ ಕೊರಟಗೆರೆ ಇರಲಿಲ್ಲ; ಹೊಳವನಹಳ್ಳಿ ಎಂದಿತ್ತು.

ಬರದ ವರ್ಷಗಳಲ್ಲಿ ಬಾವಿ ಬತ್ತಿ ಅವರಪ್ಪ ಗಾಡಿ ಕಟ್ಟಿಕೊಂಡು ಕೊರಟಗೆರೆಗೆ ಬಂದಿದ್ದರು. ಮಗನನ್ನು ಶಾಲೆಗೆ ಸೇರಿಸುವಾಗ ಹೆಡ್‌ಮೇಷ್ಟ್ರು ‘ಯಾವೂರು?’ ಎಂದು ಕೇಳಿದರಂತೆ. ಅಪ್ಪ ಒಂದು ಗಳಿಗೆ ತಡೆದು ‘ಇದೇ ಊರು ಬರ್ಕಳಿ ಸ್ವಾಮಿ’ ಎಂದರಂತೆ. ‘ಎಚ್.’ ಹೋಗಿ ‘ಕೆ.’ ಬಂದದ್ದು ಹಾಗೆ. ಮನೆಗೆ ಬಂದ ಮೇಲೆ ಅಜ್ಜಿ ಎರಡು ದಿನ ಮಗನ ಜೊತೆ ಮಾತಾಡಲಿಲ್ಲ ಎಂಬುದೂ ಮೇಷ್ಟ್ರಿಗೆ ಈಗ ನೆನಪಾಯಿತು. ಎಷ್ಟು ವರ್ಷದಿಂದ ಮರೆತೇ ಹೋಗಿತ್ತು.

‘ನೋಡು ಮಗಾ’ ಎಂದರು. ‘ಇನಿಷಿಯಲ್ ಬೇಡ ಅಂದ್ರೆ ಬಿಡು. ನಮ್ಮಪ್ಪನೂ ಬಿಟ್ಟಿದ್ದ. ಆದ್ರೆ ಬಿಟ್ಟಿದ್ದು ಯಾವೂರು, ಯಾಕೆ ಬಿಟ್ಟೆ ಅನ್ನೋದನ್ನ ಅವನು ನನಗೆ ಕೂರಿಸ್ಕೊಂಡು ಹೇಳ್ಲಿಲ್ಲ. ನೀನು ನಿನ್ನ ಮಗನಿಗೆ ಹೇಳು.’

ನಗರಪಾಲಿಕೆಗೆ ಕೊಡುವ ಅರ್ಜಿಯಲ್ಲಿ ಮೊಮ್ಮಗ ಮಗುವಿನ ಹೆಸರನ್ನೂ ತನ್ನ ಹೆಸರನ್ನೂ ಮಾತ್ರ ತುಂಬಿದ. ಮೇಷ್ಟ್ರೇ ಕನ್ನಡಕ ಹಾಕಿಕೊಂಡು ಕಾಗುಣಿತ ಸರಿಯಿದೆಯೇ ಎಂದು ನೋಡಿಕೊಟ್ಟರು.

ನಾಮಕರಣದ ದಿನ ತಟ್ಟೆಯಲ್ಲಿ ಅಕ್ಕಿ ಹರಡಿದರು. ಹೆಸರು ಬರೆಯಲು ಹಿರಿಯರನ್ನು ಕರೆದರು. ಮೇಷ್ಟ್ರ ಬೆರಳು ನಡುಗುತ್ತಿತ್ತು. ಮೊಮ್ಮಗ ಪಕ್ಕದಲ್ಲಿ ಕುಳಿತು ತಾತನ ಕೈ ಹಿಡಿದುಕೊಂಡ. ಮೊದಲು ‘ಹೊ’, ಆಮೇಲೆ ‘ಕೊ’, ಅದರ ಮುಂದೆ ಮಗುವಿನ ಹೆಸರು. ‘ಇದೇನು ಮಾವ, ಎರಡೆರಡು ಅಕ್ಷರ?’ ಎಂದು ಸೊಸೆ ಕೇಳಿದಳು. ಮೇಷ್ಟ್ರು ಉತ್ತರ ಕೊಡುವ ಮೊದಲೇ ಮೊಮ್ಮಗ, ‘ಹೇಳ್ತೀನಿ ಅಮ್ಮ, ಊಟ ಆಗಲಿ, ದೊಡ್ಡ ಕತೆ’ ಎಂದ.