ಗುಮ್ಮಟದ ಕೆಳಗೆ ಕೇಳಿಸದ ಮಾತು

ನಮ್ಮ ಮನೆಯಲ್ಲಿ ಶುಕ್ರವಾರದ ಊಟಕ್ಕೆ ಬಹುಕಾಲದ ಒಂದು ವಾಡಿಕೆಯಿತ್ತು. ಜುಮಾ ನಮಾಝ್ ಮುಗಿಸಿ ಬಂದ ಅಬ್ಬಾ ದಸ್ತರ್‌ಖಾನಿನ ಮುಂದೆ ಕುಳಿತೊಡನೆ ಅಮ್ಮಿ, "ಇವತ್ತು ಮೌಲಾನಾ ಏನು ಹೇಳಿದರು?" ಎಂದು ಕೇಳುತ್ತಿದ್ದರು. ಅಬ್ಬಾ ಬಯಾನಿನ ಸಾರವನ್ನು ಮೊದಲಿನಿಂದ ಕೊನೆಯವರೆಗೆ ಒಪ್ಪಿಸುತ್ತಿದ್ದರು. ನಡುನಡುವೆ ಅಮ್ಮಿಯ ಪ್ರಶ್ನೆಗಳು, ಅಬ್ಬಾರ ಸಮಜಾಯಿಷಿ. ರೊಟ್ಟಿ ಆರಿಹೋದರೂ ಮಾತು ಮುಗಿಯುತ್ತಿರಲಿಲ್ಲ. ಮುದ್ದೇಬಿಹಾಳದ ನಮ್ಮ ಮೊಹಲ್ಲಾದ ಮಸೀದಿಯಲ್ಲಿ ಮಹಿಳೆಯರಿಗೆ ಸ್ಥಳವಿರಲಿಲ್ಲ. ಅಮ್ಮಿಯ ಪಾಲಿಗೆ ಜುಮಾ ಎಂದರೆ ಅಬ್ಬಾರ ಬಾಯಿಂದ ಬಂದಷ್ಟೇ ಆಗಿತ್ತು.

ಮಸೀದಿಗೆ ಹೊಸ ಕಟ್ಟಡ ಎದ್ದ ಮೇಲೆ ಈ ವಾಡಿಕೆ ಸದ್ದಿಲ್ಲದೆ ನಿಂತುಹೋಯಿತು. ಅಮ್ಮಿ ಕೇಳಿದರೆ ಅಬ್ಬಾ, "ಒಳ್ಳೆಯ ಮಾತುಗಳನ್ನೇ ಹೇಳಿದರು" ಎಂದಷ್ಟೇ ಹೇಳಿ ತಟ್ಟೆಯತ್ತ ಬಾಗುತ್ತಿದ್ದರು. ವಯಸ್ಸಾಯಿತು, ಕಿವಿ ಮಂದವಾಗಿದೆ ಎಂದು ನಾವೆಲ್ಲ ಭಾವಿಸಿದೆವು. ವೈದ್ಯರಿಗೆ ತೋರಿಸಿದಾಗ ಅವರು, ಈ ವಯಸ್ಸಿಗೆ ಇಷ್ಟು ಚೆನ್ನಾಗಿ ಕೇಳಿಸುವುದೇ ದೊಡ್ಡದು ಎಂದರು. ನಾನು ಸದಾ ಮಿಂಬರಿನ ಎದುರಿನ ಮೊದಲ ಸಾಲಿನಲ್ಲಿ ಕೂರುವವನು. ಅಬ್ಬಾ ಮೊಣಕಾಲು ನೋವಿನಿಂದಾಗಿ ಹಿಂದೆ ಕುರ್ಚಿಗಳ ಸಾಲಿನಲ್ಲಿ ಕೂರುತ್ತಾರೆ. ಒಂದು ಶುಕ್ರವಾರ ಅವರ ಪಕ್ಕದಲ್ಲಿಯೇ ಕುಳಿತೆ. ಮೌಲಾನಾರ ದನಿ ಹೊರಟು ಗುಮ್ಮಟಕ್ಕೆ ಏರಿ, ಅಲ್ಲಿಂದ ಇಳಿದು, ಹೊಳೆಯುವ ಗೋಡೆಗಳಿಗೆ ಬಡಿದು, ಮುಂದಿನ ಮಾತಿನ ಮೇಲೆ ಬಂದು ಬೀಳುತ್ತಿತ್ತು. ಶಬ್ದವೇನೋ ಧಾರಾಳವಾಗಿತ್ತು. ಆದರೆ ಒಂದು ವಾಕ್ಯವೂ ಪೂರ್ತಿಯಾಗಿ ಅರ್ಥವಾಗಲಿಲ್ಲ. ಅಷ್ಟು ಶುಕ್ರವಾರಗಳನ್ನು ಅಬ್ಬಾ ಹೀಗೆಯೇ ಕಳೆದಿದ್ದರು. ದೂರು ಹೇಳಿದರೆ ಅಲ್ಲಾಹನ ಮನೆಯಲ್ಲಿ ಕೊರತೆ ಹುಡುಕಿದಂತಾಗುತ್ತದೆ ಎಂದು ಬಾಯಿ ತೆರೆದಿರಲಿಲ್ಲ.

ಆ ಗುಮ್ಮಟ ಬೇಕೆಂದು ಹಟ ಹಿಡಿದವನು ನಾನೇ.

ಹಳೆಯ ಮಸೀದಿ ಎರಡಡಿ ದಪ್ಪದ ಕಲ್ಲಿನ ಗೋಡೆಗಳ, ಮಣ್ಣಿನ ಮಾಳಿಗೆಯ ತಗ್ಗಾದ ಕಟ್ಟಡವಾಗಿತ್ತು. ಮೇ ತಿಂಗಳ ಬಿಸಿಲಿನಲ್ಲಿಯೂ ಒಳಗೆ ಕಾಲಿಟ್ಟರೆ ತಂಪು. ಆದರೆ ಮಾಳಿಗೆ ಸೋರುತ್ತಿತ್ತು, ಜಂತಿಗಳಿಗೆ ಗೆದ್ದಲು ಹಿಡಿದಿತ್ತು. ಮರುನಿರ್ಮಾಣ ಅನಿವಾರ್ಯವಾಗಿತ್ತೆಂಬುದರಲ್ಲಿ ನನಗೆ ಇಂದಿಗೂ ಸಂಶಯವಿಲ್ಲ. ಜಮಾಅತಿನ ಸಭೆಯಲ್ಲಿ ಹಿರಿಯರೊಬ್ಬರು ಸಮತಟ್ಟಾದ ಸ್ಲ್ಯಾಬ್ ಹಾಕಿ, ಉಳಿದ ಹಣದಲ್ಲಿ ಮಹಿಳೆಯರಿಗೊಂದು ಕೋಣೆ ಕಟ್ಟೋಣ ಎಂದರು. ನಾನು ಎದ್ದು ನಿಂತು ವಾದಿಸಿದೆ. ನಮ್ಮ ಜನರು ತಗಡಿನ ಮನೆಗಳಲ್ಲಿ ವಾಸಿಸುತ್ತಾರೆ. ಅವರ ಬದುಕಿನಲ್ಲಿ ಒಂದಾದರೂ ಸುಂದರವಾದ ಸ್ಥಳವಿರಬಾರದೇ? ಗೋಲ ಗುಮ್ಮಟವನ್ನು ಕಟ್ಟಿದ ಜಿಲ್ಲೆಯವರು ನಾವು, ನಮ್ಮ ಮಸೀದಿ ಗೋದಾಮಿನಂತೆ ಕಾಣಬೇಕೇ? ಸಭೆ ತಲೆದೂಗಿತು. ಕೆಲಸ ವಹಿಸಿಕೊಂಡ ಗೌಂಡಿ ಮಾತ್ರ, "ಸಾಹೇಬ್ರ, ಗುಮ್ಮಟ ಚಂದ ಕಾಣ್ತದ ಖರೆ, ಆದರ ಒಳಗ ದನಿ ಸುತ್ತತದ ನೋಡ್ರಿ" ಎಂದಿದ್ದ. ಕೈಕೆಲಸದವನ ಮಾತು ಎಂದು ನಾನದನ್ನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಹಣ ಗುಮ್ಮಟಕ್ಕೆ ಹೋಯಿತು, ಗೋಡೆಯ ಹೊಳೆಯುವ ಟೈಲ್ಸ್‌ಗೆ ಹೋಯಿತು. ಮಹಿಳೆಯರ ಕೋಣೆ ನಕ್ಷೆಯಲ್ಲಿಯೇ ಉಳಿಯಿತು.

ಅಬ್ಬಾರ ಪಕ್ಕದಲ್ಲಿ ಕುಳಿತ ಆ ಶುಕ್ರವಾರದ ನಂತರ ನಾನು ಒಂದು ದಿನ ವಿಜಯಪುರಕ್ಕೆ ಹೋದೆ. ಯಾವ ಕಟ್ಟಡವನ್ನು ಸಾಕ್ಷಿಯಾಗಿ ಕರೆದಿದ್ದೆನೋ ಅದನ್ನು ಮತ್ತೊಮ್ಮೆ ನೋಡಬೇಕಿತ್ತು. ಗೋಲ ಗುಮ್ಮಟ 1656ರಲ್ಲಿ ನಿಧನ ಹೊಂದಿದ ಮುಹಮ್ಮದ್ ಆದಿಲ್ ಶಾಹನ ಸಮಾಧಿ. ಹೊರಗಿನಿಂದ ಸುಮಾರು 44 ಮೀಟರ್ ವ್ಯಾಸದ ಆ ಗುಮ್ಮಟವನ್ನು ಒಳಗೆ ಒಂದು ಕಂಬವೂ ಹೊತ್ತಿಲ್ಲ. ಒಂದನ್ನೊಂದು ಹಾಯುವ ಕಮಾನುಗಳು ಚೌಕವನ್ನು ಮೆಲ್ಲನೆ ವೃತ್ತವಾಗಿಸುತ್ತವೆ. ಒಳಮುಖವಾಗಿ ಚಾಚಿದ ಅವುಗಳ ಭಾರವೇ ಗುಮ್ಮಟ ಹೊರಕ್ಕೆ ಒತ್ತದಂತೆ ತಡೆಯುತ್ತದೆ. ಕಣ್ಣಿಗೆ ಚೆಲುವಾಗಿ ಕಾಣುವುದೇ ಅಲ್ಲಿ ದುಡಿಯುತ್ತಿರುವುದು. ಮೇಲಿನ ಗ್ಯಾಲರಿಯಲ್ಲಿ ಶಾಲೆಯ ಮಕ್ಕಳು ಕೂಗುತ್ತಿದ್ದರು. ಒಂದು ಕೂಗು ಮತ್ತೆ ಮತ್ತೆ ಮರಳಿ ಬರುತ್ತಿತ್ತು, ಮಕ್ಕಳು ನಗುತ್ತಿದ್ದರು. ನನಗೆ ನಗು ಬರಲಿಲ್ಲ. ಇದು ಗೋರಿ. ಇಲ್ಲಿ ಯಾರೂ ಯಾರಿಗೂ ಉಪದೇಶ ಮಾಡಬೇಕಿಲ್ಲ. ಕಟ್ಟಿದವರು ನಮಾಝಿಗೆಂದು ಅದೇ ಆವರಣದ ಪಶ್ಚಿಮಕ್ಕೆ ಬೇರೆಯೇ ಒಂದು ಮಸೀದಿ ಕಟ್ಟಿದ್ದಾರೆ. ಬಾಲ್ಯದಿಂದ ಎಷ್ಟೋ ಬಾರಿ ಅಲ್ಲಿಗೆ ಹೋಗಿದ್ದ ನಾನು ಆ ಮಸೀದಿಯನ್ನು ಗಮನವಿಟ್ಟು ನೋಡಿದ್ದು ಅಂದೇ.

ಅಲ್ಲಿಂದ ಜಾಮಿಯಾ ಮಸೀದಿಗೆ ನಡೆದೆ. 1565ರ ಯುದ್ಧಕ್ಕೆ ತಾಳಿಕೋಟೆಯ ಹೆಸರಿನ ಜೊತೆಗೆ ನಮ್ಮ ತಾಲೂಕಿನ ರಕ್ಕಸಗಿ–ತಂಗಡಗಿಗಳ ಹೆಸರೂ ಅಂಟಿಕೊಂಡಿದೆ. ಆ ಯುದ್ಧದ ನಂತರ ಮೊದಲನೆಯ ಅಲಿ ಆದಿಲ್ ಶಾಹ್ ಆರಂಭಿಸಿದ ಮಸೀದಿಯಿದು. ಇದಕ್ಕೂ ಗುಮ್ಮಟವಿದೆ, ನಮ್ಮದಕ್ಕಿಂತ ಎಷ್ಟೋ ಪಾಲು ದೊಡ್ಡದು. ಹಾಗಾದರೆ ತಪ್ಪು ಗುಮ್ಮಟದ್ದಲ್ಲ. ಇಲ್ಲಿ ನಮಾಝಿನ ಹಜಾರ ಅಂಗಳದ ಕಡೆಗೆ ಸಾಲು ಕಮಾನುಗಳಲ್ಲಿ ತೆರೆದುಕೊಂಡಿದೆ; ದನಿಗೆ ಹೊರಹೋಗಲು ದಾರಿಯಿದೆ, ಗಾಳಿಗೆ ಒಳಬರಲು ದಾರಿಯಿದೆ. ನಾವು ಗುಮ್ಮಟವನ್ನು ಮಾತ್ರ ನಕಲು ಮಾಡಿ, ನಾಲ್ಕೂ ಬದಿಗೆ ಗೋಡೆ ಎಬ್ಬಿಸಿ, ಕಿಟಕಿಗಳಿಗೆ ಗಾಜು ಕೂರಿಸಿದ್ದೆವು. ಜಾಮಿಯಾ ಮಸೀದಿಯ ಪೂರ್ವದ ಮೀನಾರುಗಳು ಕೊನೆಗೂ ಮೇಲೇಳಲಿಲ್ಲ. ನೆಲದ ಮೇಲೆ ಮಾತ್ರ 2,250 ಜನರಿಗೆ ಒಬ್ಬೊಬ್ಬರಿಗೆ ಒಂದೊಂದರಂತೆ ಗೆರೆ ಎಳೆದ ಜಾಗಗಳಿವೆ. ಮೀನಾರಿಲ್ಲವೆಂದು ಅಲ್ಲಿ ಯಾರ ನಮಾಝೂ ನಿಂತಿಲ್ಲ. ಚಿನ್ನದ ಬಣ್ಣದ ಅಲಂಕಾರವಿರುವ ಅದರ ಮಿಹ್ರಾಬ್ ನಂತರದ ಸೇರ್ಪಡೆ, 1636ರದ್ದು. ನಾನು ಹೋದಾಗ ಅದರ ಮೇಲೆ ಪರದೆ ಎಳೆದಿತ್ತು. ಪ್ರವಾದಿವರ್ಯರು(ಸ) ಚಿತ್ತಾರದ ಹೊದಿಕೆಯೊಂದನ್ನು ಹೊದ್ದು ನಮಾಝ್ ಮಾಡಿ, ಮನಸ್ಸು ಅತ್ತ ಸೆಳೆಯಿತೆಂದು ಅದನ್ನು ಹಿಂದಿರುಗಿಸಿ ಸಾದಾ ಬಟ್ಟೆಯನ್ನು ತರಿಸಿಕೊಂಡ ಹದೀಸ್ ನೆನಪಾಯಿತು.

ಇಬ್ರಾಹೀಂ ರೋಜಾವನ್ನು ನೋಡದೆ ಹಿಂದಿರುಗಿದ್ದರೆ ನಾನು ಸೌಂದರ್ಯದ ವಿರೋಧಿಯಾಗಿಯೇ ಊರಿಗೆ ಮರಳುತ್ತಿದ್ದೆನೇನೋ. ಎರಡನೆಯ ಇಬ್ರಾಹೀಂ ಆದಿಲ್ ಶಾಹನ ಆ ಸಮಾಧಿಯ ಕಿಟಕಿಗಳಲ್ಲಿ ಕಲ್ಲನ್ನು ಅರಬೀ ಅಕ್ಷರಗಳಾಗಿ ಕೊರೆದಿದ್ದಾರೆ. ಅಕ್ಷರಗಳ ನಡುವಿನ ಸಂದುಗಳಿಂದಲೇ ಬೆಳಕೂ ಗಾಳಿಯೂ ಒಳಬರಬೇಕು. ಇಲ್ಲಿ ಅಲಂಕಾರ ಯಾವುದು, ಕಿಟಕಿ ಯಾವುದು ಎಂದು ಬೇರೆ ಮಾಡಲು ಸಾಧ್ಯವೇ? ಅದೇ ಸುಲ್ತಾನನ ಕಾಲದಲ್ಲಿ, 1620ರಲ್ಲಿ, ರಾಣಿ ತಾಜ್ ಸುಲ್ತಾನಾಳ ನೆನಪಿಗೆ ಕಟ್ಟಿದ ತಾಜ್ ಬಾವಡಿಯೂ ಹಾಗೆಯೇ. ನೀರು ಕೊಡಲು ಒಂದು ಹೊಂಡ ಸಾಕಾಗಿತ್ತು. ಅದರ ಮುಂದೆ ಅಷ್ಟು ಭವ್ಯವಾದ ಕಮಾನು, ಎರಡು ಬದಿಗೆ ಗೋಪುರಗಳು, ದಾರಿಹೋಕರಿಗೆ ತಂಗಲು ಕೋಣೆಗಳು. ಬಾಯಾರಿದ ಬಡವನೊಬ್ಬ ಕಮಾನಿನಡಿಯಲ್ಲಿ ನಡೆದು ನೀರಿಗಿಳಿಯುವಾಗ ಅವನಿಗೊಂದು ಗೌರವ ಸಂದಂತಾಗುತ್ತಿತ್ತಲ್ಲವೇ? ಇದಕ್ಕೆ ವ್ಯತಿರಿಕ್ತವಾಗಿ ಬಾರಾ ಕಮಾನ್ ನಿಂತಿದೆ. ತಂದೆಯ ಸಮಾಧಿಯನ್ನೂ ಮೀರಿಸಬೇಕೆಂದು ಎರಡನೆಯ ಅಲಿ ಆದಿಲ್ ಶಾಹ್ ತೊಡಗಿಸಿದ್ದು ಎನ್ನುತ್ತಾರೆ. ಅವನು 1672ರಲ್ಲಿ ತೀರಿಹೋದ. ಕಮಾನುಗಳು ಆಕಾಶಕ್ಕೆ ಬಾಯಿ ತೆರೆದೇ ಉಳಿದವು.

ಇಸ್ಲಾಮಿನ ಮೊದಲ ಪೀಳಿಗೆಯಲ್ಲಿಯೇ ಈ ಚರ್ಚೆ ನಡೆದಿದೆ. ಮದೀನಾದಲ್ಲಿ ಪ್ರವಾದಿವರ್ಯರ(ಸ) ಮಸೀದಿಗೆ ಹಸಿ ಇಟ್ಟಿಗೆಯ ಗೋಡೆ, ಖರ್ಜೂರದ ಕಾಂಡದ ಕಂಬ, ಗರಿಗಳ ಛಾವಣಿ. ರಮಝಾನಿನ ಒಂದು ರಾತ್ರಿ ಮಳೆ ಸುರಿದು ಛಾವಣಿ ಸೋರಿತು. ಕೆಸರಿನಲ್ಲಿಯೇ ಸುಜೂದ್ ಮಾಡಿದ ಅವರ ಹಣೆಯ ಮೇಲೆ ಮಣ್ಣಿನ ಗುರುತನ್ನು ಸಹಾಬಿಗಳು ಕಂಡರು. ಹಝ್ರತ್ ಉಮರ್(ರ) ಅದನ್ನು ಮರುನಿರ್ಮಿಸುವಾಗ, ಜನರನ್ನು ಮಳೆಯಿಂದ ಕಾಪಾಡುವಂತೆ ಕಟ್ಟಬೇಕೆಂದೂ, ಕೆಂಪು ಹಳದಿ ಬಣ್ಣ ಬಳಿದು ಅವರ ಮನಸ್ಸನ್ನು ಕೆಡಿಸಬಾರದೆಂದೂ ಆದೇಶಿಸಿದರು. ನಂತರ ಹಝ್ರತ್ ಉಸ್ಮಾನ್(ರ) ಕೆತ್ತಿದ ಕಲ್ಲು, ಗಾರೆ ಬಳಸಿ, ಸಾಗುವಾನಿಯ ಛಾವಣಿ ಹಾಕಿಸಿದರು. ಜನರು ಆಕ್ಷೇಪಿಸಿದಾಗ ಅವರು, ಅಲ್ಲಾಹನಿಗಾಗಿ ಮಸೀದಿ ಕಟ್ಟುವವನಿಗೆ ಸ್ವರ್ಗದಲ್ಲಿ ಅಂತಹುದೇ ಮನೆಯಿದೆ ಎಂಬ ಹದೀಸನ್ನು ಉತ್ತರವಾಗಿ ನೀಡಿದರು. ಇಬ್ಬರೂ ಖಲೀಫರು, ಇಬ್ಬರೂ ನಮಗೆ ಮಾದರಿ. ಆದ್ದರಿಂದ ಕೆತ್ತಿದ ಕಲ್ಲನ್ನು ಕಂಡೊಡನೆ ದುಂದು ಎಂದು ಕೂಗುವವರ ಜೊತೆ ನಾನು ಸೇರಲಾರೆ. ಅಲ್ಲಾಹನು ಸುಂದರನು, ಸೌಂದರ್ಯವನ್ನು ಪ್ರೀತಿಸುತ್ತಾನೆ ಎಂಬ ಪ್ರಸಿದ್ಧ ಹದೀಸನ್ನು ಸಭೆಯಲ್ಲಿ ನಾನೂ ಉದ್ಧರಿಸಿದ್ದೆ. ಅದರ ಉಳಿದ ಭಾಗವನ್ನು ಮಾತ್ರ ಬಿಟ್ಟಿದ್ದೆ. ಆ ಹದೀಸ್ ಅಹಂಕಾರದ ಕುರಿತಾದದ್ದು. ಸತ್ಯವನ್ನು ತಿರಸ್ಕರಿಸುವುದು ಮತ್ತು ಜನರನ್ನು ಕೀಳಾಗಿ ಕಾಣುವುದು ಅಹಂಕಾರ ಎಂದು ಅದು ಮುಗಿಯುತ್ತದೆ. ಗೌಂಡಿಯ ಮಾತನ್ನು ನಾನು ತಳ್ಳಿಹಾಕಿದ ದಿನ ಎರಡೂ ಒಟ್ಟಿಗೆ ನಡೆದಿದ್ದವು.

ಅನ್ನಹ್ಲ್ ಅಧ್ಯಾಯದ ಆರಂಭದ ಕೆಲವು ಸೂಕ್ತಗಳನ್ನು ಆ ದಿನಗಳಲ್ಲಿ ಮತ್ತೆ ಮತ್ತೆ ಓದಿದೆ. ಅಲ್ಲಿ ಅಲ್ಲಾಹನು ಜಾನುವಾರುಗಳ ಅನುಗ್ರಹವನ್ನು ನೆನಪಿಸುತ್ತಾನೆ. ಮೊದಲು ಅವುಗಳಿಂದ ದೊರೆಯುವ ಬೆಚ್ಚನೆಯ ಹೊದಿಕೆ, ಪ್ರಯೋಜನ, ಆಹಾರ. ಕೂಡಲೇ, ಸಂಜೆ ಅವು ಮನೆಗೆ ಮರಳುವಾಗ ಮತ್ತು ಮುಂಜಾನೆ ಮೇಯಲು ಹೊರಡುವಾಗ ಅವುಗಳಲ್ಲಿ ನಮಗಿರುವ ಚೆಲುವು. ಅದರ ಬೆನ್ನಿಗೆ ಮತ್ತೆ ಹೊರೆ ಹೊರುವ ಮಾತು. ಆ ಬಳಿಕ ಕುದುರೆ, ಹೇಸರಗತ್ತೆ, ಕತ್ತೆಗಳು, ಸವಾರಿಗೂ ಶೋಭೆಗೂ. ಚೆಲುವನ್ನು ಬೇರೆ ಪಟ್ಟಿಯಲ್ಲಿ ಇಟ್ಟಿಲ್ಲ. ಹೊದಿಕೆಗೂ ಹೊರೆಗೂ ನಡುವೆ ತಂದು ನಿಲ್ಲಿಸಿದೆ. ಸಂಜೆಯ ಹೊತ್ತು ಹೊಟ್ಟೆ ತುಂಬಿದ ದನಗಳು ಧೂಳೆಬ್ಬಿಸುತ್ತ ಊರ ಅಗಸಿ ಹಾಯುವುದನ್ನು ಕಂಡ ನಮ್ಮ ಭಾಗದವರಿಗೆ ಇದನ್ನು ವಿವರಿಸಬೇಕಿಲ್ಲ. ಆ ಹಸು ಚೆನ್ನಾಗಿ ಕಾಣುವುದು ಅದರ ಕೆಚ್ಚಲು ತುಂಬಿರುವುದರಿಂದಲೂ ಹೌದು. ಇನ್ನೊಂದೆಡೆ ಅದೇ ಕುರ್‌ಆನ್, ಎತ್ತರದ ಸ್ಥಳಗಳಲ್ಲೆಲ್ಲ ವ್ಯರ್ಥ ಸ್ಮಾರಕಗಳನ್ನು ಎಬ್ಬಿಸುತ್ತಿದ್ದ ಆದ್ ಜನಾಂಗವನ್ನು ಪ್ರವಾದಿ ಹೂದ್(ಅ) ಪ್ರಶ್ನಿಸಿದುದನ್ನು ಹೇಳುತ್ತದೆ. ನಮ್ಮ ಗುಮ್ಮಟ ಇವೆರಡರಲ್ಲಿ ಯಾವ ಕಡೆಗೆ ಸೇರುತ್ತದೆಂದು ನನಗೆ ತಿಳಿಯದೆ ಇರಲಿಲ್ಲ. ಅದು ರಸ್ತೆಯಲ್ಲಿ ಹೋಗುವವರಿಗೆ ಕಾಣಲೆಂದು ಎದ್ದಿತ್ತು. ಒಳಗೆ ಕುಳಿತವರಿಗಾಗಿ ಅಲ್ಲ.

ಈ ನಡುವೆ ವುಝೂ ಮಾಡುವ ಜಾಗದ ನುಣುಪಾದ ಟೈಲ್ಸ್ ಮೇಲೆ ಫಜ್ರ್ ಹೊತ್ತಿಗೆ ಹಿರಿಯರೊಬ್ಬರು ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಅದೂ ನಾನೇ ಆರಿಸಿದ ಬಣ್ಣ.

ಮುಂದಿನ ಸಭೆಯಲ್ಲಿ ಇನ್ನೆರಡು ಮೀನಾರುಗಳಿಗೆ ಚಂದಾ ಎತ್ತುವ ವಿಷಯವಿತ್ತು. ಪಕ್ಕದ ಮೊಹಲ್ಲಾದ ಮಸೀದಿಗೆ ಮೀನಾರು ಬಂದಿದೆ, ನಮ್ಮದು ಹಿಂದೆ ಬೀಳಬಾರದು ಎಂದು ಯುವಕನೊಬ್ಬ ಹೇಳಿದ. ಮಸೀದಿಗಳ ವಿಷಯದಲ್ಲಿ ಜನರು ಪರಸ್ಪರ ಜಂಬ ಕೊಚ್ಚಿಕೊಳ್ಳುವುದು ಅಂತ್ಯಕಾಲದ ಕುರುಹುಗಳಲ್ಲೊಂದು ಎಂಬ ಹದೀಸ್ ನಾಲಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ. ಅವನು ಆಡುತ್ತಿದ್ದುದು ನಾನು ಕಲಿಸಿದ ಮಾತನ್ನೇ. ಬದಲಾಗಿ ಎದ್ದುನಿಂತು, ಗುಮ್ಮಟದ ವಿಷಯದಲ್ಲಿ ನಾನು ತಪ್ಪಿದೆನೆಂದೂ, ಹಿಂದೆ ಕುಳಿತವರಿಗೆ ಬಯಾನ್ ಕೇಳಿಸುತ್ತಿಲ್ಲವೆಂದೂ ಹೇಳಿದೆ. ಕೊಂಚ ಹೊತ್ತು ಮೌನ. ಬಳಿಕ ಹಿಂದಿನ ಸಾಲುಗಳಿಂದ ಒಬ್ಬೊಬ್ಬರಾಗಿ, ನಮಗೂ ಕೇಳಿಸುತ್ತಿಲ್ಲ ಎಂದರು. ಅಬ್ಬಾ ಒಬ್ಬರೇ ಅಲ್ಲ, ಅರ್ಧ ಮಸೀದಿಯೇ ಸುಮ್ಮನೆ ಕುಳಿತು ಎದ್ದು ಹೋಗುತ್ತಿತ್ತು.

ಗೌಂಡಿಯನ್ನು ಕರೆಸಿದೆವು. ಅವನು ನನ್ನ ಮುಖ ನೋಡಿದ, ಆದರೆ ಹಳೆಯ ಮಾತನ್ನು ಎತ್ತಲಿಲ್ಲ. ಗಾಜು ಬಿಗಿದ ಕಿಟಕಿಗಳನ್ನು ತೆರೆಯುವಂತೆ ಮಾಡಿದ, ಗುಮ್ಮಟದ ಒಳಮೈಗೆ ನಾರಿನ ಹಲಗೆಗಳನ್ನು ಹೊಡೆದ. ಹಿಂದಿನ ಗೋಡೆಗೆ ದಪ್ಪ ಪರದೆ, ನೆಲಕ್ಕೆ ಜಮಖಾನೆ ಬಂದವು. ಮುಂದಿದ್ದ ಎರಡು ದೊಡ್ಡ ಧ್ವನಿವರ್ಧಕಗಳನ್ನು ತೆಗೆದು, ಗೋಡೆಯುದ್ದಕ್ಕೂ ಸಣ್ಣವನ್ನು ಕಡಿಮೆ ದನಿಯಲ್ಲಿ ಇಟ್ಟೆವು. ವುಝೂ ಜಾಗಕ್ಕೆ ತಾಳಿಕೋಟೆಯಿಂದ ಫರ್ಸಿ ಕಲ್ಲು ತರಿಸಿ, ಪಾಲಿಶ್ ಮಾಡದೆ ಒರಟಾಗಿಯೇ ಹಾಸಿದೆವು. ನೀರು ಬಿದ್ದಾಗ ಆ ಬೂದುಬಣ್ಣದ ಕಲ್ಲು ಗಾಢವಾಗುವುದನ್ನು ನೋಡುವುದೇ ಒಂದು ಸೊಗಸು. ಹಳೆಯ ಮಸೀದಿಯಲ್ಲಿ ಅದೇ ಕಲ್ಲಿತ್ತು, ನಾವೇ ಕಿತ್ತು ಎಸೆದಿದ್ದೆವು. ಮೀನಾರಿನ ಚಂದಾದಲ್ಲಿ ಉತ್ತರದ ಬದಿಗೆ ಮಹಿಳೆಯರಿಗೊಂದು ಕೋಣೆ ಎದ್ದಿತು, ಪ್ರತ್ಯೇಕ ಬಾಗಿಲು, ಪ್ರತ್ಯೇಕ ನಲ್ಲಿಗಳೊಂದಿಗೆ. ಅಲ್ಲಾಹನ ದಾಸಿಯರನ್ನು ಮಸೀದಿಯಿಂದ ತಡೆಯಬಾರದೆಂದು ಪ್ರವಾದಿವರ್ಯರು(ಸ) ತಾಕೀತು ಮಾಡಿದ್ದಾರೆ. ಯಾರೂ ತಡೆಯದಿದ್ದರೂ ಜಾಗವೇ ಇಲ್ಲದಿದ್ದರೆ ಅದು ತಡೆದಂತೆಯೇ ಅಲ್ಲವೇ?

ಕೋಣೆ ಮುಗಿದ ಮೊದಲ ಶುಕ್ರವಾರ ಅಮ್ಮಿ ನಮಗಿಂತ ಮೊದಲೇ ಸಿದ್ಧರಾಗಿ ಬಾಗಿಲಲ್ಲಿ ನಿಂತಿದ್ದರು. ಹಿಂದಿರುಗಿ ಊಟಕ್ಕೆ ಕುಳಿತಾಗ ಅಬ್ಬಾ, ಹಳೆಯ ರೂಢಿಯಂತೆ ಯಾರೂ ಕೇಳದೆಯೇ ಆರಂಭಿಸಿದರು. ಅಂದಿನ ಬಯಾನ್ ನೆರೆಯವರ ಹಕ್ಕುಗಳ ಕುರಿತಾಗಿತ್ತು. ಅರ್ಧಕ್ಕೆ ಬರುವಷ್ಟರಲ್ಲಿ ಅಮ್ಮಿ ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಯಲ್ಲಿಟ್ಟರು.

"ಹಾಗಲ್ಲ. ಮೌಲಾನಾ ಮೊದಲು ಹೇಳಿದ್ದು ಸಾರಿನ ಮಾತು. ಸಾರು ಮಾಡುವಾಗ ನೀರು ಹೆಚ್ಚು ಹಾಕಿ ನೆರೆಯವರಿಗೂ ಕೊಡಿ ಅಂದರು. ಆಮೇಲೆ ನೀವು ಹೇಳುತ್ತಿರುವುದು" ಎಂದರು.

ಅಬ್ಬಾ ಸ್ವಲ್ಪ ಯೋಚಿಸಿ, ಹೌದೆಂದು ಒಪ್ಪಿ, ಮತ್ತೆ ಮೊದಲಿನಿಂದ ಹೇಳತೊಡಗಿದರು.