ಮೇಷ್ಟ್ರ ಲ್ಯಾಪ್‌ಟಾಪು

ಮೈಸೂರಿನ ಆ ನಿವೃತ್ತ ಮೇಷ್ಟ್ರ ಲ್ಯಾಪ್‌ಟಾಪು ಅಪ್‌ಡೇಟ್ ನಡುವೆ ನಿಂತುಹೋಯಿತು. ಪರದೆಯ ಮೇಲೆ ಚುಕ್ಕಿಗಳು ಎರಡು ದಿನ ಗಾಣದೆತ್ತಿನ ಹಾಗೆ ಸುತ್ತಿದವು. ಆರಿಸಿ ಹಾಕಿದರೂ ಅದೇ ಸುತ್ತು. ಒಳಗಿದ್ದದ್ದು ಹೆಂಡತಿ ಹೇಳಿ ಬರೆಸಿದ ಅಡುಗೆಗಳು. ಆಕೆ ತೀರಿಕೊಂಡು ಮೂರು ವರ್ಷ. ಬೇರೆ ಪ್ರತಿ ಇರಲಿಲ್ಲ. (ಎರಡೆರಡು ಸಲ ಬರೆಯಿರೆಂದು ಮಕ್ಕಳನ್ನು ಗದರಿದ ಮೇಷ್ಟ್ರು!)

ಅಂಗಡಿಯವನು, 'ಫಾರ್ಮ್ಯಾಟ್ ಮಾಡಿಬಿಡೋಣ ಸಾರ್' ಎಂದ. ಸ್ಲೇಟು ಒರೆಸುವುದೆಂದರೇನೆಂದು ಮೇಷ್ಟ್ರಿಗೆ ಗೊತ್ತಿಲ್ಲವೇ? ಎದ್ದು ಬಂದರು.

ಪಕ್ಕದ ಮನೆಯ ಕಾಲೇಜು ಹುಡುಗಿ ಪೆನ್‌ಡ್ರೈವಿನಲ್ಲಿ ಉಬುಂಟು ತಂದಳು. 'ಡಿಸ್ಕ್ ಕೆಟ್ಟಿಲ್ಲ ತಾತ. ಇದರಿಂದ ಶುರುಮಾಡಿದರೆ ಅದನ್ನ ಎಬ್ಬಿಸೋದೇ ಬೇಡ.' 'ಇನ್‌ಸ್ಟಾಲ್' ಬಿಟ್ಟು 'ಟ್ರೈ' ಒತ್ತಿದಳು. ಡಿಸ್ಕಿಗೆ ಬಿಟ್‌ಲಾಕರ್ ಬೀಗವಿದ್ದಿದ್ದರೆ 48 ಅಂಕಿಯ ಕೀಲಿ ಬೇಕಿತ್ತು, ಪುಣ್ಯಕ್ಕೆ ಇರಲಿಲ್ಲ. ಫೋಲ್ಡರ್ ಕಂಡಿತು.

ಕಡತ ತೆರೆದರೆ ಕನ್ನಡವೇ ಇಲ್ಲ! ಇಂಗ್ಲಿಷ್ ಅಕ್ಷರ, ಗೀರು, ಸೊನ್ನೆ. ಮೇಷ್ಟ್ರು ಕುಸಿದು ಕೂತರು. ಅದು ಹಳೆಯ 'ನುಡಿ'ಯಲ್ಲಿ ಬರೆದದ್ದು. ಆ ಫಾಂಟ್ ಇಲ್ಲದೆಡೆ ಹಾಗೆಯೇ ಕಾಣುವುದು. ಹುಡುಗಿ ಅದೇ ಡಿಸ್ಕಿನಿಂದ ಫಾಂಟ್ ಹುಡುಕಿ ಹಾಕಿದಳು. ಗೀರುಗಳು ಅಕ್ಷರವಾದವು:

'ಬದನೆಕಾಯಿ ಸುಡೋಕಿಟ್ಟು ಪೇಪರ್ ಓದ್ತಾ ಕೂತ್ಕೋಬೇಡಿ.'

'ಎಷ್ಟು ಕಾಪಿ ಮಾಡ್ಲಿ ತಾತ?'

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. 'ಎರಡು... ಬೇಡಮ್ಮ, ಮೂರು ಮಾಡು.'