ಹಾಡನ್ನು ಪಾಟೀಸವಾಲಿಗೆ ಒಡ್ಡುವುದು

ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಗಿಟ್‌ಕ್ಸಾನ್ ಮತ್ತು ವೆಟ್‌ಸುವೆಟೆನ್ ಎಂಬ ಎರಡು ಮೂಲನಿವಾಸಿ ಸಮುದಾಯಗಳಿವೆ. ಸುಮಾರು 58,000 ಚದರ ಕಿಲೋಮೀಟರ್ ನೆಲ ತಮ್ಮದೆಂದು ಅವರ ಮುಖಂಡರು ಹೂಡಿದ ದಾವೆಯ ವಿಚಾರಣೆ 1987ರಲ್ಲಿ ಶುರುವಾಗಿ 374 ದಿನ ನಡೆಯಿತು. 'ಡೆಲ್ಗಮೂಕ್' ಎಂದು ಹೆಸರಾದ ಈ ಮೊಕದ್ದಮೆಯನ್ನು ಪಿಎಚ್‌ಡಿಗೆಂದು ಓದತೊಡಗಿದವಳು ನಾನು. ಈಗ ಪಿಎಚ್‌ಡಿಗೆ ಬೇಕಾದ್ದಕ್ಕಿಂತ ಹೆಚ್ಚೇ ಓದಿದ್ದೇನೆ. ಅದಕ್ಕೆ ಕಾರಣ ಒಂದು ಹಾಡು.

ಗಿಟ್‌ಕ್ಸಾನ್ ಹಿರಿಯಳಾದ ಮೇರಿ ಜಾನ್ಸನ್ ಸಾಕ್ಷಿ ಹೇಳುತ್ತಾ ತನ್ನ ಮನೆತನದ ಶೋಕಗೀತೆಯನ್ನು ಹಾಡಲು ಹೊರಟಳು. ಪದಗಳನ್ನು ಬರೆದುಕೊಟ್ಟರೆ ಸಾಲದೇ ಎಂದರು ನ್ಯಾಯಾಧೀಶ ಅಲನ್ ಮೆಕೀಚರ್ನ್. ಸಂಗೀತ ತಮ್ಮ ಕಿವಿಗೆ ಹತ್ತುವುದಿಲ್ಲ ಎಂದೂ ಹೇಳಿದರು. ಆಕೆ ಹಾಡಿಯೇ ಹಾಡಿದಳು.

ಆ ನ್ಯಾಯಾಧೀಶರನ್ನು ಗೇಲಿ ಮಾಡುವುದು ಸುಲಭ. ಆದರೆ ಅವರಿಗೆ ಎದುರಾದ ತೊಡಕು ನಿಜವಾದದ್ದು. ಕಂಡವರ ಮಾತನ್ನು ನಂಬಿ, ಕೇಳಿದವರ ಮಾತನ್ನು ದೂರವಿಡುವ ಕೋರ್ಟು ಒಂದು ಹಾಡನ್ನು ಪಾಟೀಸವಾಲಿಗೆ ಒಡ್ಡುವುದು ಹೇಗೆ?

ಗಿಟ್‌ಕ್ಸಾನರಲ್ಲಿ ಆ ಪಾಟೀಸವಾಲು ಔತಣದ ಮನೆಯಲ್ಲೇ ಆಗಿಹೋಗಿರುತ್ತದೆ. ಮುಖಂಡನೊಬ್ಬ ತೀರಿಕೊಂಡಾಗ ಅವನ ಹೆಸರನ್ನು ಪಡೆಯುವವರು ಔತಣ ಏರ್ಪಡಿಸಬೇಕು. ಬೇರೆ ಮನೆತನಗಳವರ ಎದುರು ಹೆಸರಿನ ಚರಿತ್ರೆ, ಅದರೊಂದಿಗೆ ಬರುವ ನೆಲ, ಹೊಳೆಗಳನ್ನು ಹೇಳಬೇಕು. ಬಂದವರು ಬರೀ ನೆಂಟರಲ್ಲ, ಸಾಕ್ಷಿಗಳು. ಸಾಕ್ಷಿಯಾದದ್ದಕ್ಕೆ ಅವರಿಗೆ ಸಲ್ಲಬೇಕಾದ್ದು ಸಲ್ಲುತ್ತದೆ. ಹೇಳಿದ್ದು ಸುಳ್ಳೆನಿಸಿದರೆ ಅಲ್ಲೇ ಆಕ್ಷೇಪಿಸಬೇಕು. ಸುಮ್ಮನಿದ್ದರೆ ಒಪ್ಪಿದಂತೆ. ಊಟ ಮಾಡಿಸಿ ರುಜುವಾತು ಪಡೆಯುವ ಈ ಕ್ರಮ ನಮ್ಮ ನೋಂದಣಿ ಕಚೇರಿಗಿಂತ ಸಡಿಲವೇನಲ್ಲ.

1991ರಲ್ಲಿ ಮೆಕೀಚರ್ನ್ ದಾವೆಯನ್ನು ತಳ್ಳಿಹಾಕಿದರು. 1997ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್, ಬಾಯ್ಮಾತಿನ ಚರಿತ್ರೆಗೂ ದಾಖಲೆಗಳಿಗೆ ಸಮನಾದ ಸ್ಥಾನ ಕೊಡಬೇಕೆಂದು ಹೇಳಿ ಹೊಸ ವಿಚಾರಣೆಗೆ ಆದೇಶಿಸಿತು. ಅದು ನಡೆಯಲೇ ಇಲ್ಲ.

ಪದ್ಧತಿಯ ನ್ಯಾಯವೆಲ್ಲ ಒಳ್ಳೆಯದು ಎನ್ನುವ ಭ್ರಮೆ ನನಗಿಲ್ಲ. ಹೆಂಗಸರು ದೂರ ನಿಂತು ಕೇಳಿಸಿಕೊಳ್ಳುವ ಪಂಚಾಯ್ತಿ ಕಟ್ಟೆಯ ಊರಿನಿಂದ ಬಂದವಳು ನಾನು. ಆದರೂ ಬಿಳಿಗಿರಿರಂಗನ ಬೆಟ್ಟದ ಪೋಡುಗಳಿಗೆ ಹೋದಾಗೆಲ್ಲ ಆ ಔತಣದ ಮನೆ ನೆನಪಾಗುತ್ತದೆ.

ನಮ್ಮ 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳು ಹಿರಿಯರ ಹೇಳಿಕೆಯನ್ನು ಪುರಾವೆ ಎಂದು ಒಪ್ಪುತ್ತವೆ. ಅರ್ಜಿದಾರರಲ್ಲದ ಹಿರಿಯರು ಹೇಳಬೇಕು, ಅದನ್ನು ಬರವಣಿಗೆಗೆ ಇಳಿಸಬೇಕು. ದೊಡ್ಡ ಹೆಜ್ಜೆಯೇ. ಆದರೆ ಬರವಣಿಗೆಗೆ ಇಳಿಸುವಾಗ ತೊಡಕು ಶುರುವಾಗುತ್ತದೆ. ಕನ್ನಡದಲ್ಲಿ ಎಲ್ಲೆ ಎಂದರೆ ಗೆರೆ. ಸೋಲಿಗರ 'ಯೆಲ್ಲೆ' ದೇವರು, ಮಾರಮ್ಮ, ನೀರಿನ ತಾಣಗಳನ್ನೆಲ್ಲ ಒಳಗೊಂಡ ಕುಲದ ನೆಲ. ಗೆರೆಯಿಂದಾಚೆ ಏನಿದೆ ಎಂದು ಕೇಳುವ ನಕ್ಷೆಯವರಿಗೂ, ನಡೆದು ತೋರಿಸುತ್ತೇನೆ ಬನ್ನಿ ಎನ್ನುವ ಅಜ್ಜನಿಗೂ ಮಾತು ಹೊಂದುವುದು ಕಷ್ಟ.

ಕಳೆದ ಮಳೆಗಾಲ ಅಂಥ ಒಬ್ಬ ಅಜ್ಜನ ಮುಂದೆ ರೆಕಾರ್ಡರ್ ಇಟ್ಟುಕೊಂಡು ಕೂತಿದ್ದೆ. ಅಜ್ಜ ಬಾಯಿ ಬಿಡಲಿಲ್ಲ. ಪಕ್ಕದ ಪೋಡಿನಿಂದ ಬೇರೆ ಕುಲದ ಹಿರಿಯನನ್ನು ಕರೆಸಿ, ಅವನು ಬಂದು ಕೂತು ಎಲೆಯಡಿಕೆ ಹಾಕಿಕೊಳ್ಳುವವರೆಗೆ ಕಾಯಿಸಿದ. ಯಾಕೆ ಎಂದೆ.

"ನಾ ತಪ್ಪೇಳುದ್ರೆ ತಿದ್ದಕ್ಕೆ ಅವ್ನಿರ್ಬೇಕು ಕಣವ್ವ."

ಆಮೇಲೆ ಎರಡು ಗಂಟೆ ಹೇಳಿದ. ಇನ್ನೊಬ್ಬ ಎರಡೇ ಸಲ ತಡೆದ, ಒಂದು ಹಳ್ಳದ ಹೆಸರಿಗೆ ಮತ್ತು ಒಂದು ಕಲ್ಲಿಗೆ. ನಾನು ಬರೆದುಕೊಂಡ ಹೇಳಿಕೆ ಒಂದೂವರೆ ಪುಟ. ಕೆಳಗೆ ಅಜ್ಜನ ಹೆಬ್ಬೆಟ್ಟು. ತಡೆದವನ ಹೆಸರನ್ನೂ ಬರೆದಿದ್ದೇನೆ, ಅಂಚಿನಲ್ಲಿ.